ಗೇಮ್ ಸರ್ವರನ್ನ ರೂಟ್‌ನಲ್ಲಿ ಓಡಿಸಿದ್ರೆ ಲ್ಯಾಗ್ ಹೋಗುತ್ತಾ?

ಪ್ರಶ್ನೆ: ಸರ್, ನಾವು 12 ಜನ ಫ್ರೆಂಡ್ಸ್ ದುಡ್ಡು ಹಾಕ್ಕೊಂಡು 2 ಕೋರ್‌ನ ಲಿನಕ್ಸ್ ವಿಪಿಎಸ್ (ಬಾಡಿಗೆ ವರ್ಚುವಲ್ ಮಷೀನ್) ತಗೊಂಡು ಮೈನ್‌ಕ್ರಾಫ್ಟ್ ಜಾವಾ ಸರ್ವರ್ ಓಡಿಸ್ತಿದೀವಿ. ಗಂಟೆಗೊಂದ್ಸಲ ಬ್ಯಾಕಪ್ ಜಿಪ್ ಆಗೋವಾಗ ಆಟ ನಿಂತು ನಿಂತು ಹೋಗುತ್ತೆ. ಸರ್ವರ್‌ಗೆ ಆದ್ಯತೆ ಸಿಗಲಿ ಅಂತ ನೈಸ್ ಕಮಾಂಡ್‌ನಲ್ಲಿ ಮೈನಸ್ 10 ಕೊಟ್ರೆ 'ಪರ್ಮಿಷನ್ ಡಿನೈಡ್' ಅಂತ ಬರುತ್ತೆ. ರೂಟ್‌ನಲ್ಲೇ, ಅಂದ್ರೆ ಎಲ್ಲಾ ಅಧಿಕಾರ ಇರೋ ಅಡ್ಮಿನ್ ಯೂಸರ್ ಆಗೇ ಓಡ್ಸು ಅಂತಿದಾನೆ ಒಬ್ಬ ಫ್ರೆಂಡ್. ಮಾಡ್ಬಹುದಾ?

ಉತ್ತರ: ದಯವಿಟ್ಟು ಬೇಡ. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಶೆಲ್ ಅಂತ ಒಂದು ತೂತು ಹೊರಗೆ ಬಂತು, ಮೈನ್‌ಕ್ರಾಫ್ಟ್ ಚಾಟ್‌ನಲ್ಲಿ ಯಾರೋ ಒಂದು ಸಾಲು ಟೈಪ್ ಮಾಡಿದ್ರೆ ಸಾಕು, ಸರ್ವರ್ ಅದನ್ನ ಲಾಗ್‌ಗೆ ಬರಿಯೋಕೆ ಹೋಗಿ ಹೊರಗಿಂದ ಕೋಡ್ ಎಳ್ಕೊಂಡು ತಾನೇ ಓಡಿಸ್ತಿತ್ತು. ಆ ಕೋಡ್ ಯಾವ ಯೂಸರ್ ಹೆಸರಲ್ಲಿ ಓಡುತ್ತೆ? ಸರ್ವರ್ ಯಾವ ಹೆಸರಲ್ಲಿದೆಯೋ ಅದರಲ್ಲೇ. ಮಾಮೂಲಿ ಯೂಸರ್ ಆಗಿದ್ರೆ ಮುಖ್ಯವಾಗಿ ಗೇಮ್ ಫೋಲ್ಡರ್‌ಗೆ ಅಪಾಯ, ರೂಟ್ ಆಗಿದ್ರೆ ಇಡೀ ಮಷೀನ್ ಅವರ ಕೈಗೆ. ಆ ತೂತು ಮುಚ್ಚಿದ್ರೂ ಪ್ಲಗಿನ್, ಮಾಡ್ ಅಂತ ಯಾರ್ಯಾರದೋ ಕೋಡ್ ಹಾಕ್ತಾನೇ ಇರ್ತೀವಲ್ಲ. ಮೈನ್‌ಕ್ರಾಫ್ಟ್ ಬಳಸೋ ಪೋರ್ಟ್ 25565, ರೂಟ್ ಬೇಕಾಗೋದು 1024ಕ್ಕಿಂತ ಕೆಳಗಿನ ಪೋರ್ಟ್‌ಗಳಿಗೆ, ಹಾಗಾಗಿ ಅದಕ್ಕೂ ರೂಟ್ ಬೇಕಿಲ್ಲ.

ಈಗ ನಿಮ್ಮ ಎರರ್‌ಗೆ ಬರೋಣ. ನೈಸ್ ಅಂದ್ರೆ ಸಿಪಿಯು ಟೈಮ್‌ನಲ್ಲಿ ಬೇರೆ ಪ್ರೋಸೆಸ್‌ಗಳಿಗೆ ಎಷ್ಟು ದಾರಿ ಬಿಡ್ತೀವಿ ಅನ್ನೋ ನಂಬರ್, ಮೈನಸ್ 20ರಿಂದ 19ರ ತನಕ, ಮಾಮೂಲಿ 0. ನಂಬರ್ ಏರಿಸಿ ಹಿಂದೆ ಸರಿಯೋಕೆ ಯಾರ ಅಪ್ಪಣೆನೂ ಬೇಡ, ಆದ್ರೆ ಇಳಿಸಿ ಮುಂದೆ ನುಗ್ಗೋಕೆ ರೂಟ್ ಬೇಕು, ಇಲ್ಲಾಂದ್ರೆ ಸಿಸ್ ನೈಸ್ ಅನ್ನೋ ಕೆಪಬಿಲಿಟಿ (ರೂಟ್‌ನ ಅಧಿಕಾರದಲ್ಲಿ ಒಂದು ತುಂಡು) ಬೇಕು, ಇಲ್ದಿದ್ರೆ ಒಂದೇ ಮಷೀನ್‌ನಲ್ಲಿರೋ ಪ್ರತಿಯೊಬ್ಬರೂ ಮೈನಸ್ 20 ಹಾಕ್ಕೊಂಡು ಕೂರ್ತಿದ್ರು. ಇನ್ನೊಂದು ಗಮನಿಸಿ, ಆ ಎರರ್ ಬಂದ್ಮೇಲೂ ಸರ್ವರ್ ಶುರು ಆಗುತ್ತೆ, ಆದ್ರೆ 0ಯಲ್ಲೇ. ಓಡ್ತಿರೋ ಪ್ರೋಸೆಸ್‌ಗಳನ್ನ ತೋರಿಸೋ ಟಾಪ್ ಕಮಾಂಡ್‌ನಲ್ಲಿ ಎನ್‌ಐ (ನೈಸ್) ಕಾಲಂ ನೋಡಿ, ಗೊತ್ತಾಗುತ್ತೆ.

ರೂಟ್ ಬೇಕಾಗೋದು ಆ ನಂಬರ್ ಇಳಿಸೋ ಒಂದು ಕ್ಷಣಕ್ಕೆ ಮಾತ್ರ. ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನ ಶುರು ಮಾಡೋ ಸಿಸ್ಟಮ್‌ಡಿಗೆ ಒಂದು ಸರ್ವಿಸ್ ಫೈಲ್ ಬರೆದು ಅದರಲ್ಲಿ ಯೂಸರ್ ಅನ್ನೋ ಸಾಲಲ್ಲಿ ಗೇಮ್‌ಗೆ ಅಂತಲೇ ಮಾಡಿದ ಮಾಮೂಲಿ ಯೂಸರ್ ಹೆಸರು, ನೈಸ್ ಅನ್ನೋ ಸಾಲಲ್ಲಿ ಮೈನಸ್ 5 ಹಾಕಿ. ಸಿಸ್ಟಮ್‌ಡಿ ರೂಟ್ ಆಗಿದ್ದಾಗಲೇ ನೈಸ್ ಇಳಿಸಿ, ಆಮೇಲೆ ರೂಟ್ ಕಳಚಿ ಜಾವಾನ ಶುರು ಮಾಡುತ್ತೆ. ಒಂದೇ ಕೋರ್‌ಗೆ ಕಿತ್ತಾಡ್ತಿರೋ ಎರಡು ಪ್ರೋಸೆಸ್‌ನಲ್ಲಿ ಒಂದು 0, ಒಂದು ಮೈನಸ್ 5 ಇದ್ರೆ ಟೈಮ್ ಹೆಚ್ಚುಕಮ್ಮಿ 25ಕ್ಕೆ 75 ಹಂಚಿಕೆ ಆಗುತ್ತೆ, ಅಷ್ಟು ಬೇಕಾದಷ್ಟಾಯ್ತು.

ಆದ್ರೆ ತುಂಬಾ ಜನ ಎಡವೋದು ಇಲ್ಲೇ. ಆಟೋಗ್ರೂಪ್, ಅಂದ್ರೆ ಒಂದೊಂದು ಸೆಷನ್‌ನ ಪ್ರೋಸೆಸ್‌ಗಳನ್ನ ಒಂದೊಂದು ಗುಂಪು ಮಾಡೋ ಸೌಲಭ್ಯ, ಆನ್ ಇರೋ ಕರ್ನಲ್‌ಗಳಲ್ಲಿ (ಕರ್ನಲ್ ಅಂದ್ರೆ ಲಿನಕ್ಸ್‌ನ ತಿರುಳು) ನೈಸ್ ಲೆಕ್ಕ ಆಯಾ ಸೆಷನ್ ಒಳಗೆ ಮಾತ್ರ, ನಿಮ್ಮ ಸರ್ವರ್ ಒಂದು ಸೆಷನ್‌ನಲ್ಲಿ, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸೋ ಕ್ರಾನ್‌ನಿಂದ ಏಳೋ ಬ್ಯಾಕಪ್ ಇನ್ನೊಂದರಲ್ಲಿ, ಹಾಗಾಗಿ ಎನ್‌ಐ ಕಾಲಂನಲ್ಲಿ ಮೈನಸ್ 10 ಅಂತ ತೋರಿಸಿದ್ರೂ ಬ್ಯಾಕಪ್ ಮುಂದೆ ಅದು ನಡೆಯಲ್ಲ. ಅದಕ್ಕೇ ನಾನು ಹೇಳೋದು, ಬ್ಯಾಕಪ್‌ಗೂ ಒಂದು ಸರ್ವಿಸ್ ಮಾಡಿ, ಎರಡರ ಸರ್ವಿಸ್ ಫೈಲ್‌ನಲ್ಲೂ ಸಿಪಿಯು ವೇಟ್ (ಸಿಪಿಯು ಪಾಲಿನ ತೂಕ) ಕೊಡಿ. ಮಾಮೂಲಿ 100, ಗೇಮ್‌ಗೆ 500, ಬ್ಯಾಕಪ್‌ಗೆ 20. ಆಗ ಕರ್ನಲ್ ಗುಂಪು ಗುಂಪಿಗೇ ಪಾಲು ಹಾಕುತ್ತೆ.

ಮಾಮೂಲಿ ಪ್ರೋಸೆಸ್‌ಗಳನ್ನೆಲ್ಲಾ ಹಿಂದೆ ತಳ್ಳೋ ಫೀಫೋ ಅನ್ನೋ ರಿಯಲ್‌ಟೈಮ್ ಮೋಡ್ ಹಾಕಿ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, 2 ಕೋರ್ ಮಷೀನ್‌ನಲ್ಲಿ ದೂರದಿಂದ ಮಷೀನ್‌ಗೆ ಹೋಗೋ ಎಸ್‌ಎಸ್‌ಎಚ್ ಲಾಗಿನ್ನೂ ಸಿಗದ ಹಾಗೆ ಆಗ್ಬಹುದು.

ಇಷ್ಟೆಲ್ಲಾ ಮಾಡಿದ್ಮೇಲೂ ಎಳೆದ್ರೆ, ಬ್ಯಾಕಪ್ ಇಲ್ಲದ ಹೊತ್ತಲ್ಲಿ ನೋಡಿ. ಮೈನ್‌ಕ್ರಾಫ್ಟ್ ಸೆಕೆಂಡಿಗೆ 20 ಟಿಕ್ (ಆಟ ಮುಂದೆ ಹೋಗೋ ಒಂದೊಂದು ಹೆಜ್ಜೆ), ಅಂದ್ರೆ ಒಂದಕ್ಕೆ 50 ಮಿಲಿಸೆಕೆಂಡ್, ಆಟದ ಮುಖ್ಯ ಕೆಲಸ ಬಹುಪಾಲು ಒಂದೇ ಥ್ರೆಡ್‌ನಲ್ಲಿ. ಒಂದು ಟಿಕ್‌ನ ಕೆಲಸಕ್ಕೇ 80 ಹಿಡಿಯುತ್ತೆ ಅಂದ್ರೆ ಕಿತ್ತಾಡೋಕೆ ಯಾರೂ ಇಲ್ದಿದ್ರೂ ಲ್ಯಾಗ್ ಆಗುತ್ತೆ, ವ್ಯೂ ಡಿಸ್ಟೆನ್ಸ್ ಇಳಿಸಿ, ಮಾಬ್ ಫಾರ್ಮ್‌ಗಳನ್ನ ಕಡಿಮೆ ಮಾಡಿ. ಟಾಪ್‌ನಲ್ಲಿ 'ಎಸ್‌ಟಿ' ನಂಬರ್ ಸೊನ್ನೆ ಬಿಟ್ಟು ಮೇಲೇ ನಿಂತಿದ್ರೆ ನಿಮ್ಮ ಸಿಪಿಯು ಟೈಮ್ ಅದೇ ಹಾರ್ಡ್‌ವೇರ್ ಮೇಲಿರೋ ಬೇರೆ ಬಾಡಿಗೆದಾರರಿಗೆ ಹೋಗ್ತಿದೆ ಅಂತ, ಅದಕ್ಕೆ ನಿಮ್ಮ ಕಡೆಯಿಂದ ಯಾವ ನೈಸೂ ನಡೆಯಲ್ಲ, ವಿಪಿಎಸ್ ಕೊಟ್ಟವರಿಗೇ ಕಂಪ್ಲೇಂಟ್ ಹಾಕ್ಬೇಕು.