ಮೇಣದಬತ್ತಿ ಇರಲಿ, ಮೊದಲು ಫೋನ್ ಮಾಡಿ

ಅಮ್ಮಾ, ನಿಮ್ಮ ಪತ್ರ ಓದಿ ನನಗೆ ಸಂಕಟವೂ ಆಯಿತು, ಸಿಟ್ಟೂ ಬಂತು. ಸಿಟ್ಟು ನಿಮ್ಮ ಮೇಲಲ್ಲ. ಯಾರ ಮೇಲೆ ಅಂತ ಆಮೇಲೆ ಹೇಳುತ್ತೇನೆ.

ಓದುಗರಿಗಾಗಿ ವಿಷಯ ಇಷ್ಟು. ಮಗ ಮೆಚ್ಚಿದ ಹುಡುಗಿಯನ್ನು ಮದುವೆಯಾಗಿ ನಾಲ್ಕು ವರ್ಷ. ಅಪ್ಪ ಒಪ್ಪಲಿಲ್ಲ. ಮದುವೆಗೆ ಅಪ್ಪನೂ ಹೋಗಲಿಲ್ಲ, ಅಮ್ಮನೂ ಹೋಗಲಿಲ್ಲ. ಅಲ್ಲಿಂದ ಮಾತು ನಿಂತಿತು. ಪ್ರತಿ ಅಡ್ವೆಂಟ್‌ನಲ್ಲಿ, ಅಂದರೆ ಕ್ರಿಸ್‌ಮಸ್‌ಗೆ ಮುಂಚೆ ಬರುವ ನಾಲ್ಕು ಭಾನುವಾರಗಳ ಕಾಯುವ ಕಾಲದಲ್ಲಿ, ಈ ತಾಯಿ ಭಾನುವಾರಕ್ಕೊಂದು ಮೇಣದಬತ್ತಿ ಹಚ್ಚಿ, ಈ ಕ್ರಿಸ್‌ಮಸ್‌ಗಾದರೂ ಮಗ ಬರಲಿ ಎಂದು ಬೇಡುತ್ತಾರೆ. ಈ ಸಲ ಮೊದಲ ಬತ್ತಿ, ಅಂದರೆ ಭರವಸೆಯ ಬತ್ತಿ ಹಚ್ಚಲು ಕೈಯೇ ಏಳಲಿಲ್ಲವಂತೆ. ‘ನನ್ನ ನಂಬಿಕೆ ಹೋಗಿಬಿಟ್ಟಿತೇ? ಇನ್ನೂ ಹೇಗೆ ಕಾಯಲಿ?’ ಇದು ಅವರ ಪ್ರಶ್ನೆ.

ಆದರೆ ಅಮ್ಮಾ, ಪತ್ರದ ಕೊನೆಯಲ್ಲಿ ಏನೋ ಬರೆಯುತ್ತಾ ನಡುವೆ ಒಂದು ಸಾಲು ಸೇರಿಸಿದ್ದೀರಿ. ‘ಮೊನ್ನೆ ಮಗ ತಂಗಿಗೆ ಫೋನ್ ಮಾಡಿದಾಗ, ಅಮ್ಮನ ಮಂಡಿನೋವು ಹೇಗಿದೆ ಅಂತ ಕೇಳಿದನಂತೆ, ಅದಿರಲಿ.’ ಅದಿರಲಿ ಅಂತೀರಲ್ಲ! ಇಡೀ ಪತ್ರದಲ್ಲಿ ನನಗೆ ಕಂಡದ್ದು ಆ ಒಂದೇ ಸಾಲು. ನಾಲ್ಕು ವರ್ಷದಿಂದ ಅವನೂ ಕಾಯುತ್ತಿದ್ದಾನೆ, ಅಲ್ವಾ? ಬಾಗಿಲಿನ ಎರಡು ಕಡೆಯೂ ಒಬ್ಬೊಬ್ಬರು ನಿಂತು, ಆ ಕಡೆಯವರೇ ತೆಗೆಯಲಿ ಅಂದರೆ ಅದು ತೆರೆಯುವುದು ಯಾವಾಗ?

ಈಗ ಸಿಟ್ಟಿನ ವಿಷಯ. ‘ನೀವಾಗಿ ಫೋನ್ ಮಾಡಿದರೆ ದೇವರ ಮೇಲೆ ನಂಬಿಕೆ ಇಲ್ಲ ಅಂತಾಗುತ್ತದೆ, ಸುಮ್ನೆ ಪ್ರಾರ್ಥಿಸಿ’ ಎಂದು ನಿಮ್ಮ ಪ್ರಾರ್ಥನಾ ಕೂಟದ ಹಿರಿಯರೊಬ್ಬರು ಹೇಳಿದ್ದಾರೆ. ಈ ಮಾತು ಶುದ್ಧ ತಪ್ಪು. ಮನೆಯ ಮಾತಿನ ತೀರ್ಪನ್ನು ಹೊರಗಿನವರ ಕೈಗೆ ಕೊಡಬೇಡಿ ಎಂದು ನಾನು ಈ ಅಂಕಣದಲ್ಲಿ ಹೇಳುತ್ತಲೇ ಬಂದಿದ್ದೇನೆ. ಇವತ್ತೂ ಅದೇ ಹೇಳುತ್ತೇನೆ.

ಅಡ್ವೆಂಟ್‌ನಲ್ಲಿ ನಾವು ಮತ್ತೆ ಮತ್ತೆ ಕೇಳುವುದು, ಯೇಸುವಿನ ಬರವನ್ನು ಮುಂಚೆಯೇ ಸಾರಿದ ಸ್ನಾನಿಕ ಯೋಹಾನನ ಕಥೆ. ಅವನು ಸೆರೆಮನೆಯಲ್ಲಿದ್ದಾಗ ಏನು ಮಾಡಿದ? ತನ್ನ ಶಿಷ್ಯರನ್ನು ಯೇಸುವಿನ ಬಳಿಗೆ ಕಳಿಸಿ ನೇರವಾಗಿ ಕೇಳಿಸಿದ: ಬರಬೇಕಾದವನು ನೀನೇನಾ, ಇಲ್ಲ ನಾವು ಬೇರೊಬ್ಬನಿಗಾಗಿ ಕಾಯಬೇಕಾ? ಬೈಬಲಿನಲ್ಲಿ ಮತ್ತಾಯನ ಸುವಾರ್ತೆಯ 11ನೇ ಅಧ್ಯಾಯ ತೆಗೆದು ನೋಡಿ. ಯೇಸು ಅವನನ್ನು ಅಪನಂಬಿಕೆಯವನು ಎಂದು ಬೈಯಲಿಲ್ಲ. ಉತ್ತರ ಕೊಟ್ಟು ಕಳಿಸಿದ. ಆಮೇಲೆ ಜನರೆದುರು, ಹೆಂಗಸರಲ್ಲಿ ಹುಟ್ಟಿದವರಲ್ಲಿ ಯೋಹಾನನಿಗಿಂತ ದೊಡ್ಡವನಿಲ್ಲ ಎಂದ. ಕಾಯುವವರು ಬಾಯಿಬಿಟ್ಟು ಕೇಳಬಾರದು ಎಂಬ ನಿಯಮ ಎಲ್ಲಿದೆ?

ನೀವು ಹಚ್ಚುವ ಬತ್ತಿಗಳು ಬಂದದ್ದೂ ಕೇಳಿದ್ದರಿಂದಲೇ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದ ಪಾದ್ರಿ ಯೋಹಾನ್ ಹಿನ್ರಿಖ್ ವಿಖರ್ನ್ ಅವರನ್ನು ಮಕ್ಕಳು ‘ಕ್ರಿಸ್‌ಮಸ್ ಬಂತಾ, ಬಂತಾ’ ಎಂದು ಪೀಡಿಸುತ್ತಿದ್ದರಂತೆ. ಅವರು ಮಕ್ಕಳ ಬಾಯಿ ಮುಚ್ಚಿಸಲಿಲ್ಲ. ಬಂಡಿಯ ಚಕ್ರವೊಂದಕ್ಕೆ ಬತ್ತಿಗಳನ್ನು ಸಿಕ್ಕಿಸಿದರು. ವಾರದ ದಿನಗಳಿಗೆ ಸಣ್ಣ ಕೆಂಪು ಬತ್ತಿ, ಭಾನುವಾರಕ್ಕೆ ದೊಡ್ಡ ಬಿಳಿ ಬತ್ತಿ. ದಿನಕ್ಕೊಂದು ಹಚ್ಚಿದರು. ಕಾಯುವವರ ಕೈಗೂ ಏನಾದರೂ ಕೆಲಸ ಬೇಕು.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿದೆ. ಈಗ ಬಳಸುವ ನಾಲ್ಕು ಬತ್ತಿಗಳಲ್ಲಿ ಸಾಮಾನ್ಯವಾಗಿ ಮೂರು ನೇರಳೆ. ಆ ಬಣ್ಣ ಪಶ್ಚಾತ್ತಾಪದ್ದು. ಮಗ ಬರಲಿ ಎಂದು ಬೇಡಿದ್ದೀರಿ, ಸರಿ. ಮದುವೆಗೆ ಹೋಗದೆ ಇದ್ದದ್ದಕ್ಕೆ ಅವನ ಹತ್ತಿರ ಕ್ಷಮೆ ಕೇಳಿದ್ದೀರಾ? ಪತ್ರದಲ್ಲಿ ಎಲ್ಲೂ ಕಾಣಲಿಲ್ಲ.

ಯಜಮಾನರ ಹಟದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅವರ ಒಪ್ಪಿಗೆ ಬಂದ ಮೇಲೆ ಮಾತಾಡುತ್ತೇನೆ ಅಂದರೆ ಇನ್ನೂ ನಾಲ್ಕು ವರ್ಷ ಹೋಗುತ್ತದೆ. ಕದ್ದು ಮಾಡಬೇಡಿ, ಹೇಳಿಯೇ ಮಾಡಿ.

ನಾನು ಹೇಳುವುದು ಒಂದೇ. ಮೂರನೇ ಭಾನುವಾರ, ಗುಲಾಬಿ ಬತ್ತಿಯ ದಿನ, ಬರುವ ಮೊದಲೇ ಮಗನಿಗೆ ಫೋನ್ ಮಾಡಿ. ‘ಮಂಡಿನೋವು ಹಾಗೇ ಇದೆ ಮಗಾ. ನಿನ್ನ ಮದುವೆಗೆ ಬರಬೇಕಿತ್ತು, ಬರಲಿಲ್ಲ, ತಪ್ಪಾಯಿತು’ ಅನ್ನಿ. ಹಬ್ಬಕ್ಕೆ ಬಾ ಎಂದು ಒತ್ತಾಯ ಮಾಡಬೇಡಿ. ಆಮೇಲೆ, ಸೊಸೆಗೆ ಫೋನ್ ಕೊಡು ಅನ್ನಿ.