ಮನೆ ಕಂಪ್ಯೂಟರ್ ನಮ್ದೇ ಹಕ್ಕು, ಡ್ಯಾಮ್ ಗೇಟ್ ಯಾರ ಕೈಲಿ?

ಪ್ರಶ್ನೆ: ಸುಂಟಿಕೊಪ್ಪ ಹತ್ರ ನಮ್ದು ಕಾಫಿ ತೋಟ ಸರ್. ಆನೆ ಬಂದ್ರೆ ಫೋನಿಗೆ ಅಲರ್ಟ್ ಬರ್ಲಿ ಅಂತ ಎಐ ಕ್ಯಾಮೆರಾ ಹಾಕಿ ಮನೇಲೇ ಒಂದು ಕಂಪ್ಯೂಟರ್ ಇಟ್ಟಿದೀನಿ. ಅಮೆರಿಕದಲ್ಲಿ ಇದು ಹಕ್ಕು ಅಂತ ಕಾನೂನೇ ಬಂದಿದ್ಯಂತೆ, ನಮ್ಗೂ ಇದ್ಯಾ? ನಾಳೆ ಹಾರಂಗಿ ಡ್ಯಾಮ್ ಗೇಟೂ ಎಐ ಕೈಗೆ ಹೋದ್ರೆ ಏನ್ ಗತಿ?

ಉತ್ತರ: ನೀವು ಕೇಳಿರೋದು ಮೊಂಟಾನ ರಾಜ್ಯದ ರೈಟ್ ಟು ಕಂಪ್ಯೂಟ್ ಕಾಯ್ದೆ ಬಗ್ಗೆ, 2025ರಲ್ಲಿ ಗವರ್ನರ್ ಗ್ರೆಗ್ ಜಿಯಾನ್‌ಫೋರ್ಟೆ ಸಹಿ ಹಾಕಿದ್ದು. ಕಾನೂನು ಒಪ್ಪೋ ಕೆಲಸಕ್ಕೆ ನೀವು ಕಂಪ್ಯೂಟರ್ ಇಟ್ಕೊಂಡು ಬಳಸ್ತಿದ್ರೆ ಸರ್ಕಾರ ಸುಮ್ಸುಮ್ನೆ ಅಡ್ಡ ಬರಂಗಿಲ್ಲ, ಬರ್ಲೇಬೇಕಂದ್ರೆ ಜನರ ಸುರಕ್ಷತೆಯಂಥ ಗಟ್ಟಿ ಕಾರಣ ತೋರಿಸ್ಬೇಕು, ನಿರ್ಬಂಧಾನೂ ಆ ಕಾರಣಕ್ಕೆ ಎಷ್ಟು ಬೇಕೋ ಅಷ್ಟೇ ಇರ್ಬೇಕು.

ಹಕ್ಕಿಗೂ ವಿನಾಯಿತಿಗೂ ಏನ್ ವ್ಯತ್ಯಾಸ ಅಂತ ತಿಳಿಯೋಕೆ ನಮ್ಮ ಕೊಡಗಿನ ಕೋವಿ ವಿಷ್ಯ ತಗೊಳ್ಳಿ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಡ ಅನ್ನೋದು ಕೇಂದ್ರದ ಅಧಿಸೂಚನೆಯಿಂದ ಸಿಕ್ಕಿರೋ ವಿನಾಯಿತಿ, 2029ರ ತನಕ ಅಂತ ಅದಕ್ಕೊಂದು ಅವಧಿ ಇದೆ, ಆಮೇಲೆ ಮತ್ತೆ ಕೇಳ್ಬೇಕು. ಹಕ್ಕು ಹಾಗಲ್ಲ, ಅಲ್ಲಿ ಕಾರಣ ಹೇಳ್ಬೇಕಾದ್ದು ಸರ್ಕಾರ. ಮೊಂಟಾನದವರು ಕಂಪ್ಯೂಟರನ್ನ ಹಕ್ಕಿನ ಕಡೆ ಇಟ್ಟಿದಾರೆ.

ಕರ್ನಾಟಕದಲ್ಲಿ ಅಂಥ ಕಾಯ್ದೆ ಇಲ್ಲ. ಹಾಗಂತ ಹೆದರ್ಬೇಡಿ, ಕಂಪ್ಯೂಟರ್ ನಿಮ್ಮ ಆಸ್ತಿ, ಸಂವಿಧಾನದ 300ಎ ವಿಧಿ ಪ್ರಕಾರ ಕಾನೂನಿನ ಅಧಿಕಾರ ಇಲ್ದೆ ಯಾರೂ ಕಿತ್ಕೊಳಂಗಿಲ್ಲ, ಆದ್ರೆ 1978ರ 44ನೇ ತಿದ್ದುಪಡಿ ಆದ್ಮೇಲೆ ಆಸ್ತಿ ಹಕ್ಕು ಮೂಲಭೂತ ಹಕ್ಕಾಗಿ ಉಳ್ದಿಲ್ಲ. ಕ್ಯಾಮೆರಾ ಮಾತ್ರ ಲೈನ್‌ಮನೆ ಕಡೆ ತಿರುಗಿಸ್ಬೇಡಿ, ಕೆಲಸದವರ ಮನೆ ಬಾಗ್ಲು ಆನೆ ದಾರಿ ಅಲ್ಲ.

ಹಾರಂಗಿ ವಿಷ್ಯಕ್ಕೆ ಬರೋಣ, ನನಗೆ ನಿಜವಾಗ್ಲೂ ಚಿಂತೆ ಇರೋದು ಇಲ್ಲೇ. ಮುಖ್ಯ ಮೂಲಸೌಕರ್ಯ ಎಐ ನಡೆಸ್ತಿದ್ರೆ, ಅದನ್ನ ಅಳವಡಿಸಿದವರು ಅಪಾಯ ನಿರ್ವಹಣೆಗೆ ಒಂದು ನೀತಿ ಮಾಡ್ಬೇಕು ಅಂತ ಅದೇ ಮೊಂಟಾನ ಕಾಯ್ದೆ ಹೇಳುತ್ತೆ. ನನ್ನ ಕೇಳಿದ್ರೆ ಕಾಗದದ ಮೇಲಿನ ನೀತಿ ಸಾಲಲ್ಲ. ನಮ್ಮ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ತುರ್ತು ಕ್ರಿಯಾ ಯೋಜನೆ ಇರ್ಲೇಬೇಕು ಅನ್ನುತ್ತೆ, ಆದ್ರೆ ಗೇಟ್ ಬಗ್ಗೆ ತೀರ್ಮಾನ ಮಾಡೋದು ಮೆಷಿನ್ನಾದ್ರೆ ಏನು ಅಂತ ಯೋಚ್ನೆ ಮಾಡಿ ಬರೆದಿದ್ದಲ್ಲ ಅದು. 2018ರ ಆಗಸ್ಟ್ ಮಳೇಲಿ ಕುಶಾಲನಗರದ ಬಡಾವಣೆಗಳಿಗೆ ನೀರು ನುಗ್ಗಿದ್ದು ನಾವ್ಯಾರೂ ಮರ್ತಿಲ್ಲ. ಅದಕ್ಕೇ ಗೇಟನ್ನ ಎಐ ಕೈಗೆ ಕೊಡೋ ಯೋಜನೆ ಏನಾದ್ರೂ ಬಂತು ಅಂದ್ರೆ ಶಾಸಕರನ್ನ, ನೀರಾವರಿ ಎಂಜಿನಿಯರನ್ನ ಮೊದ್ಲು ಇದನ್ನೇ ಕೇಳಿ: ಜಡಿಮಳೇಲಿ ಕರೆಂಟು ನೆಟ್‌ವರ್ಕ್ ಎರಡೂ ಹೋದ ರಾತ್ರಿ ಎಐನ ಬದಿಗಿಟ್ಟು ಗೇಟ್ ಎತ್ತೋರು ಯಾರು, ಅವ್ರು ಡ್ಯಾಮ್ ಹತ್ರಾನೇ ಇರ್ತಾರಾ?