ಒಣಗಿಸಿಟ್ಟ ಗಿಡ, ಪಿನ್ ಚುಚ್ಚಿದ ಚಿಟ್ಟೆಗಳ ಫೋಟೊ ತೆಗೆದು ಮ್ಯೂಸಿಯಂಗಳು ಆನ್‌ಲೈನ್‌ಗೆ ಹಾಕುವುದೇಕೆ?
ಫೋಟೊಗಿಂತ ಜಾಸ್ತಿ, ಪಕ್ಕದ ಚೀಟಿಗಾಗಿ. ಎಲ್ಲಿ ಸಿಕ್ಕಿತು, ಯಾವಾಗ, ಯಾರು ತಂದರು ಎಂದು ಅದರಲ್ಲಿ ಬರೆದಿರುತ್ತದೆ. ಬೀರುವಿನಲ್ಲೇ ಇದ್ದರೆ ಅದು ಅಲ್ಲಿಗೆ ಹೋದವರಿಗೆ ಮಾತ್ರ ಸಿಗುತ್ತದೆ. ಟೈಪ್ ಮಾಡಿ, ಜಾಗದ ಅಕ್ಷಾಂಶ ರೇಖಾಂಶ ಸೇರಿಸಿದರೆ ಸಾವಿರಾರು ಚೀಟಿಗಳನ್ನು ಒಟ್ಟಿಗೆ ಹೋಲಿಸಬಹುದು. ಹಳೇ ಕೈಬರಹ ಓದುವುದು ಮಾತ್ರ ದೊಡ್ಡ ತಲೆನೋವು, ಬಿಡಿ. ಒಂದು ಗಿಡ ನೂರು ವರ್ಷದ ಹಿಂದೆ ಯಾವ ತಿಂಗಳು ಹೂ ಬಿಡುತ್ತಿತ್ತು, ಈಗ ಯಾವಾಗ ಬಿಡುತ್ತದೆ? ಹವಾಮಾನ ಬದಲಾವಣೆಯ ಸುಳಿವು ಇಲ್ಲೇ ಸಿಗುತ್ತದೆ. 2001ರಲ್ಲಿ ಶುರುವಾದ ಜಿಬಿಐಎಫ್ ಎಂಬ ಅಂತರರಾಷ್ಟ್ರೀಯ ಜಾಲದಲ್ಲಿ ಇಂಥ ದಾಖಲೆಗಳನ್ನು ಶಾಲಾ ಮಕ್ಕಳೂ ಉಚಿತವಾಗಿ ನೋಡಬಹುದು. ಹಾಗಂತ ಅಸಲಿ ಮಾದರಿಯನ್ನು ಎಸೆಯುವಂತಿಲ್ಲ. ಫೋಟೊದಿಂದ ಡಿಎನ್‌ಎ ತೆಗೆಯಲು ಆಗುವುದಿಲ್ಲ, ಅಲ್ವಾ?